ಹೊನ್ನಪ್ಪನನ್ನು ಲುಂಡ್‌ಗೆ ಕೊಟ್ಟದ್ದು

ಸ್ವೀಡನ್ನಿನ ಮೋಲ್ನ್‌ಡಾಲ್ ಊರಿನ ಬೇಸ್‌ಬಾಲ್ ಕ್ಲಬ್ಬಿನಲ್ಲಿ ಹೊನ್ನಪ್ಪನಿಗೆ ಇಂಥದ್ದೇ ಅಂತ ಒಂದು ಜಾಗವಿರಲಿಲ್ಲ. ಮೊದಲನೇ ಬೇಸಿನವನಿಗೆ ಯಾರದೋ ಮದುವೆಯಿದ್ದರೆ ಹೊನ್ನಪ್ಪ ಮೊದಲನೇ ಬೇಸಿಗೆ, ಮೂರನೆಯವನ ಬೆನ್ನು ಹಿಡಿದುಕೊಂಡರೆ ಮೂರನೆಯದಕ್ಕೆ. ದಾವಣಗೆರೆಯ ಕಾಲೇಜು ಕ್ರಿಕೆಟ್ಟಿನಲ್ಲಿ ಹನ್ನೆರಡನೆಯವನಾಗಿ ನೀರು ಹೊತ್ತು, ಯಾರು ಬರದಿದ್ದರೂ ಅವರ ಜಾಗದಲ್ಲಿ ನಿಂತು ಪಳಗಿದ ಕೈ ಅದು. ಔಷಧ ಕಂಪನಿಯ ಲ್ಯಾಬಿನಲ್ಲೂ ಅವನ ಪಾಡು ಅದೇ: ರಜೆ ಹಾಕಿದವರ ಮೇಜೇ ಅವನ ಮೇಜು. ಜುಲೈನಲ್ಲಿ ಸ್ವೀಡನ್ನಿಗೆ ಸ್ವೀಡನ್ನೇ ರಜೆ ಹಾಕುವುದರಿಂದ ಆಗ ಅವನಿಗೆ ಮೇಜಿನ ಕೊರತೆಯಿರುತ್ತಿರಲಿಲ್ಲ.

ಅವನಿಗೂ ಒಂದು ಆಸೆಯಿತ್ತು. ಶಾರ್ಟ್‌ಸ್ಟಾಪ್ ಆಗಬೇಕು. ಎರಡನೇ ಮೂರನೇ ಬೇಸುಗಳ ನಡುವಿನ ಆ ಜಾಗಕ್ಕೇ ಬಿರುಸಿನ ಚೆಂಡುಗಳೆಲ್ಲ ನುಗ್ಗಿ ಬರುವುದು. 2006ರ ಕೊನೆಯಲ್ಲಿ ಅಲ್ಲಿದ್ದವನು ಮಗು ಹುಟ್ಟಿತೆಂದು ಆಟ ಬಿಟ್ಟ. ಬರುವ ಬೇಸಿಗೆಗೆ ಆ ಜಾಗ ನಿನ್ನದೇ ಎಂದು ಕ್ಲಬ್ಬಿನ ಅಧ್ಯಕ್ಷ ಬೆಂಗ್ಟ್ ಹೇಳಿದ. ಹೊನ್ನಪ್ಪ ಹೊಸ ಕೈಗವಸು ಕೊಂಡು, ಎಣ್ಣೆ ಸವರಿ, ದಿಂಬಿನ ಕೆಳಗಿಟ್ಟು ಮಲಗತೊಡಗಿದ.

ಬೆಂಗ್ಟ್ ಬೇಸಿಗೆಯಲ್ಲಿ ನಗರಸಭೆಯ ನೀರಿನ ಇಲಾಖೆಯವನು, ಚಳಿಗಾಲದಲ್ಲಿ ಅಮೆರಿಕದ ದೊಡ್ಡ ತಂಡವೊಂದರ ಯಜಮಾನ. ಎರಡನೆಯದು ಅವನ ತಲೆಯೊಳಗೆ ಮಾತ್ರ. ಆಟವಿಲ್ಲದ ತಿಂಗಳುಗಳಲ್ಲಿ ಅಲ್ಲಿನ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಸುದ್ದಿಯನ್ನು ಇಂಟರ್ನೆಟ್ಟಿನಲ್ಲಿ ಓದಿ ಓದಿ, ನಮ್ಮಲ್ಲೂ ಒಂದು 'ಟ್ರೇಡ್' ಆಗಲೇಬೇಕು ಎಂದುಕೊಂಡ. ತನ್ನ ಆಟಗಾರರು ಕೈಯಿಂದ ಚಂದಾ ಕೊಟ್ಟು ಆಡುವವರು ಎಂಬುದು ಅವನಿಗೆ ಅಡ್ಡಿಯೆನಿಸಲಿಲ್ಲ. ದೂರದ ಲುಂಡ್ ಊರಿನ ತಂಡದಲ್ಲಿ ಎಡಗೈಯಲ್ಲಿ ಚೆಂಡೆಸೆಯುವವನೊಬ್ಬ ಮೋಲ್ನ್‌ಡಾಲ್‌ನಲ್ಲಿ ಕೆಲಸ ಸಿಕ್ಕಿ ಹೇಗೂ ಬರುವವನಿದ್ದ. ಅವನನ್ನು ಹಾಗೆ ಸುಮ್ಮನೆ ಬರಗೊಟ್ಟರೆ ಬೆಂಗ್ಟ್‌ನ ಘನತೆ ಏನಾಗಬೇಕು? ಬದಲಿಗೆ ಹೊನ್ನಪ್ಪನನ್ನು ಕೊಡುತ್ತೇವೆಂದು ಲುಂಡ್‌ನವರಿಗೆ ಮಾತು ಕೊಟ್ಟ. ಆಮೇಲೆ ಹೊನ್ನಪ್ಪನಿಗೆ ಫೋನ್ ಮಾಡಿ, ಭಾನುವಾರ ಭಾನುವಾರ ರೈಲಿನಲ್ಲಿ ಹೋಗಿಬಂದರಾಯಿತು, ಮೂರೇ ಗಂಟೆಯ ದಾರಿ ಎಂದ.

ಹೊನ್ನಪ್ಪ ತನಗೆ ತಿಳಿದಿದ್ದ ಅತ್ಯಂತ ಕಠಿಣ ಮಾತಿನಲ್ಲಿ ನಿರಾಕರಿಸಿದ. "ನೋಡೋಣ" ಎಂದ, ಸ್ವೀಡಿಷ್‌ನಲ್ಲಿ.

ದಾವಣಗೆರೆಯಲ್ಲಿ ಹೆಣ್ಣು ನೋಡಿ ಹೋದವರು ನೋಡೋಣ ಎಂದರೆ ಹೆಣ್ಣಿನ ಕಡೆಯವರು ಮರುದಿನವೇ ಬೇರೆ ಗಂಡು ಹುಡುಕುತ್ತಾರೆ. ಮೋಲ್ನ್‌ಡಾಲ್‌ನಲ್ಲಿ ನೋಡೋಣ ಎಂದರೆ, ಮನುಷ್ಯ ನೋಡಲು ತಯಾರಿದ್ದಾನೆ ಎಂದರ್ಥ.

ಹೆಂಡತಿ ಶೋಭನಾ ಕುಕ್ಕರಿನ ಮುಚ್ಚಳ ಹಾಕುತ್ತಲೇ ಎಲ್ಲ ಕೇಳಿಸಿಕೊಂಡಳು.

"ಅಂದ್ರೆ ನಿಮ್ಮನ್ನ ಲುಂಡ್‌ಗೆ ಕೊಟ್ರು ಅನ್ನಿ."

"ಇನ್ನೂ ಏನೂ ಆಗಿಲ್ಲ. ನೋಡೋಣ ಅಂದಿದೀನಿ."

"ನಮ್ಮಪ್ಪ ನನ್ನ ನಿಮಗೆ ಕೊಡೋವಾಗ ನಾನೂ ಹಂಗೇ ಅಂದಿದ್ದೆ ಕಣ್ರೀ."

ಹೊನ್ನಪ್ಪ ಆ ರಾತ್ರಿ ಅನ್ನ ಕಡಿಮೆ ಉಂಡ.

ಫೆಬ್ರವರಿಯಲ್ಲಿ ಶಾಲೆಯೊಂದರ ಊಟದ ಕೋಣೆಯಲ್ಲಿ ಕ್ಲಬ್ಬಿನ ವಾರ್ಷಿಕ ಸಭೆ ಸೇರಿತು. ಕಾಫಿ, ದಾಲ್ಚಿನ್ನಿ ಬನ್ನು. ಬೆಂಗ್ಟ್ ಐತಿಹಾಸಿಕ ವಿನಿಮಯವನ್ನು ಘೋಷಿಸಿ ಮರದ ಸುತ್ತಿಗೆಯಿಂದ ಮೇಜು ಕುಟ್ಟಿದ. ಜನ ಚಪ್ಪಾಳೆ ತಟ್ಟಿದರು. ಹೊನ್ನಪ್ಪನ ಬಾಯಲ್ಲಿ ಬನ್ನಿತ್ತು.

ಆ ದೇಶದಲ್ಲಿ ನಾಲ್ಕು ಜನ ಸೇರಿದರೂ ನಡಾವಳಿ ಬರೆಯುತ್ತಾರೆ. ಬರೆದದ್ದು ಸರಿಯಿದೆಯೆಂದು ಸಭೆಯಲ್ಲಿದ್ದವನೊಬ್ಬ ಓದಿ ರುಜು ಹಾಕದಿದ್ದರೆ ಅದು ಕಾಗದವೇ ಅಲ್ಲ. ಈ ಕೆಲಸಕ್ಕೆ ಅವರು 'ಯುಸ್ಟೇರಾ' ಅನ್ನುತ್ತಾರೆ. ನಮ್ಮ ಅಡ್ಜಸ್ಟೇ ಅದು. ಅಡ್ಜಸ್ಟ್ ಮಾಡಲು ಯಾರನ್ನು ಆರಿಸಬೇಕೆಂಬ ಬಗ್ಗೆ ಕ್ಲಬ್ಬಿನಲ್ಲಿ ಎಂದೂ ಚರ್ಚೆಯಾದದ್ದಿಲ್ಲ.

ಎಲ್ಲರೂ ಹೋದ ಮೇಲೆ ಬೆಂಗ್ಟ್ ರುಜುವಿಗೆಂದು ಕಾಗದವನ್ನು ಹೊನ್ನಪ್ಪನ ಮುಂದಿಟ್ಟ. ಆಟಗಾರ ಹೊನ್ನಪ್ಪ ತನ್ನ ಪೂರ್ಣ ಒಪ್ಪಿಗೆಯೊಂದಿಗೆ ಲುಂಡ್ ತಂಡ ಸೇರುತ್ತಾನೆ ಎಂದಿತ್ತು.

"ಇದು ಸರಿಯಿಲ್ಲ" ಎಂದ ಹೊನ್ನಪ್ಪ.

"ಎಲ್ಲಿ, ಕಾಗುಣಿತವೇ?"

"ನಾನು ಒಪ್ಪಿಲ್ಲ."

"ನೋಡೋಣ ಅಂದಿದ್ದೆಯಲ್ಲ."

"ಹಾಗಂದರೆ ಬೇಡ ಅಂತ."

ಬೆಂಗ್ಟ್ ಲೋಟ ಕೆಳಗಿಟ್ಟು ನಿಜಕ್ಕೂ ಯೋಚಿಸಿದ. "ಹಾಗಿದ್ದರೆ ಬೇಡ ಅನ್ನಬೇಕಿತ್ತು" ಎಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ.

ಹೊನ್ನಪ್ಪ ಬೇಡ ಎಂದ. ಸಣ್ಣ ಶಬ್ದ, ಬಾಯಿಂದ ಹೊರಡಲು ಮಾತ್ರ ಸ್ವಲ್ಪ ಹೊತ್ತು ತೆಗೆದುಕೊಂಡಿತು. ಒಮ್ಮೆ ಹೊರಟಿದ್ದರಿಂದ, ಶಾರ್ಟ್‌ಸ್ಟಾಪ್ ತನಗೇ ಬೇಕು, ಮಾತು ಕೊಟ್ಟವನು ನೀನೇ ಎಂಬುದೂ ಅದರ ಬೆನ್ನಿಗೇ ಬಂತು.

ಬೆಂಗ್ಟ್ ಕುಗ್ಗಿದ. ಊರಿನ ಪತ್ರಿಕೆಗೆ ಕಳಿಸುವ ಸುದ್ದಿಯನ್ನು ಅವನು ಆಗಲೇ ಬರೆದಿಟ್ಟಿದ್ದ. ಆದರೆ ಲುಂಡ್‌ನವರಿಗೆ ಕೊಟ್ಟ ಮಾತು ಮುರಿಯಬಲ್ಲವನಿಗೂ ರುಜುವಿಲ್ಲದ ನಡಾವಳಿಯನ್ನು ಕಡತಕ್ಕೆ ಸೇರಿಸುವ ಧೈರ್ಯವಿರಲಿಲ್ಲ. ಹೊಡೆದುಹಾಕಿ ಮತ್ತೆ ಬರೆದ: ದೀರ್ಘಾಲೋಚನೆಯ ನಂತರ ಕ್ಲಬ್ಬು ಹೊನ್ನಪ್ಪನನ್ನು ಉಳಿಸಿಕೊಳ್ಳಲು ನಿರ್ಧರಿಸಿದೆ. ದೀರ್ಘಾಲೋಚನೆ ಎಂಬುದೂ ನಿಜವಲ್ಲ. ಅದನ್ನು ಹೊನ್ನಪ್ಪ ಬಿಟ್ಟುಕೊಟ್ಟ. 'ಶಾರ್ಟ್‌ಸ್ಟಾಪ್ ಆಗಿ' ಎಂದು ಬೆಂಗ್ಟ್ ಸೇರಿಸಿದ ಮೇಲೆಯೇ ರುಜು ಹಾಕಿದ. ಲುಂಡ್‌ನ ಅಧ್ಯಕ್ಷನಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವನು, ಯಾವ ಹೊನ್ನಪ್ಪ, ಎಂದು ಕೇಳಿದನಂತೆ.

ಮೇ ತಿಂಗಳ ಮೊದಲ ಪಂದ್ಯದಲ್ಲಿ ಶಾರ್ಟ್‌ಸ್ಟಾಪ್ ಕಡೆ ಬಂದ ಮೊದಲ ಚೆಂಡು ಹೊನ್ನಪ್ಪನ ಕಾಲುಗಳ ನಡುವೆ ನುಸುಳಿಹೋಯಿತು. ಎರಡನೆಯದೂ. ಬೆಂಚಿನಲ್ಲಿದ್ದ ಬೆಂಗ್ಟ್ ಎದ್ದು ನಿಂತ, ಬಾಯಿ ತೆರೆದ, ನಡಾವಳಿ ನೆನಪಾಗಿ ಮತ್ತೆ ಕುಳಿತ. ಮೂರನೆಯದು ಹೊನ್ನಪ್ಪನ ಮೊಣಕಾಲಿಗೆ ಬಡಿದು ನಿಂತಿತು. ಅವನು ಕುಂಟುತ್ತ ಹೋಗಿ ಅದನ್ನೆತ್ತಿ ಮೊದಲನೇ ಬೇಸಿಗೆ ಎಸೆದು, ಮತ್ತೆ ತನ್ನ ಜಾಗಕ್ಕೆ ಬಂದು ನಿಂತ.