ಸವತಿಗೆ ಬ್ಯಾಟರಿ ಹಾಕಿದ ಟೈಲರಮ್ಮ

ಟೈಲರಮ್ಮನಿಗೆ ಗಂಡನ ಮೇಲಿದ್ದ ದೂರು ಒಂದೇ, ಮನೆಯಲ್ಲಿ ಸವತಿ ಇದ್ದಾಳೆ ಅನ್ನುವುದು. ಸವತಿ ಅಂದರೆ ಹಿತ್ತಲಿನ ಷೆಡ್ಡಿನಲ್ಲಿದ್ದ ಹಳೆಯ ಕಪ್ಪು ಕಾರು. ಛಾಪಖಾನೆಯಲ್ಲಿ ಮೆಷಿನ್ ನಡೆಸುತ್ತಿದ್ದ ಗಂಡ, ಯಾರದೋ ಅಂಗಳದಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಆ ಗಾಡಿಯನ್ನು ನೋಡಿ ಮರುಳಾಗಿ ಎಳೆದು ತಂದಿದ್ದ. ರಜೆ ಬಂತೆಂದರೆ ಅದರ ಹೊಟ್ಟೆಯ ಕೆಳಗೆ ಮಲಗಿರುತ್ತಿದ್ದ. ಊಟಕ್ಕೆ ಕರೆದರೆ ಹೊರಗೆ ಚಾಚಿದ್ದ ಎರಡು ಕಾಲು ಅಲ್ಲಾಡುತ್ತಿದ್ದವು, ಅಷ್ಟೇ ಉತ್ತರ. ಹಳೇ ಕಾರಿನ ಹುಚ್ಚು ಹತ್ತಿಸಿಕೊಂಡ ಸುತ್ತಮುತ್ತಲಿನವರಿಗೆಲ್ಲ ಅವನೇ ವೈದ್ಯ. ಫೋನಿನಲ್ಲೇ ರೋಗ ಕೇಳಿ ಫೋನಿನಲ್ಲೇ ಮದ್ದು ಹೇಳುತ್ತಿದ್ದ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾ ಇವಳಿಗೂ ಅರ್ಧ ಮಾತು ಕಿವಿಗೆ ಬೀಳುತ್ತಿತ್ತು. ಬೇಕೆಂದು ಕೇಳಿಸಿಕೊಂಡದ್ದಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಕೈಯಿಂದ ಬ್ರಷ್ಷು ಜಾರಿತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಕೈಕೊಟ್ಟವು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಾಯಲ್ಲಿ ಉಳಿದದ್ದು ಒಂದೇ ಮಾತು, "ಹಾಗಲ್ಲ." ನೀರು ಬೇಕಾದರೂ ಹಾಗಲ್ಲ, ಸಾಕಾದರೂ ಹಾಗಲ್ಲ. "ಒಳಗೆ ಎಲ್ಲಾ ಮಾತೂ ಇದೆಯಮ್ಮ, ಹೊರಗೆ ಬರೋ ದಾರಿ ಕಟ್ಟಿಕೊಂಡಿದೆ," ಎಂದರು ಡಾಕ್ಟರು.

ಸುದ್ದಿ ತಿಳಿಯದವರ ಫೋನು ಮಾತ್ರ ನಿಲ್ಲಲಿಲ್ಲ. ಹುಷಾರಿಲ್ಲ ಅಂತ ಹೇಳಿ ಇಡುತ್ತಿದ್ದಳು. ಒಮ್ಮೆ ಸುಡುಬಿಸಿಲಿನ ಮಧ್ಯಾಹ್ನ ಅವನ ಮೈ ಒರೆಸುತ್ತಿರುವಾಗ, ಅಂಥದೇ ಹಳೇ ಕಾರು ಇಟ್ಟುಕೊಂಡಿದ್ದ ಬೇಕರಿಯವನ ಫೋನು ಬಂತು. "ಅಕ್ಕಾ, ಭಾವನಿಗೆ ಕೊಡಿ. ಏರು ರಸ್ತೇಲಿ ಗಾಡಿ ನಿಂತ್ಬಿಟ್ಟಿದೆ. ತಣ್ಣಗಿದ್ರೆ ಓಡುತ್ತೆ, ಬಿಸಿಯಾದ್ರೆ ಸತ್ತು ಮಲಗುತ್ತೆ. ಹಿಂದೆ ಎಲ್ಲಾ ಹಾರನ್ ಹೊಡೀತಿದ್ದಾರೆ."

ಕನಿಕರಕ್ಕೋ ಬೇಸರಕ್ಕೋ, ಅವಳು ಫೋನಿನ ಸ್ಪೀಕರ್ ಹಾಕಿ ಮಂಚದ ಮೇಲಿಟ್ಟಳು. ಗಂಡ ಅವಳ ಕೈಯಿಂದ ಒದ್ದೆ ಟವೆಲು ಕಿತ್ತುಕೊಂಡು ಫೋನಿನ ಮೇಲೆಯೇ ಹಾಕಿದ.

"ಅಯ್ಯೋ, ಫೋನ್ ಹಾಳಾಗುತ್ತೆ ರೀ," ಎಂದು ತೆಗೆಯಲು ಹೋದವಳು ಅವನ ಮುಖ ನೋಡಿ ತಡೆದಳು.

"ಒದ್ದೆ ಬಟ್ಟೆ ಹಾಕ್ಬೇಕಂತೆ ಕಣಪ್ಪ."

"ಎಲ್ಲಿಗೆ ಅಕ್ಕಾ?"

"ರೇಡಿಯೇಟರಿಗಾ?" ಎಂದು ಗಂಡನನ್ನು ಕೇಳಿದಳು.

"ಹಾಗಲ್ಲ."

"ಪೆಟ್ರೋಲ್ ಪಂಪಿಗಾ?"

ಅವನು ಸುಮ್ಮನಾದ.

"ಸುಮ್ಮನಾದ್ರು. ಎಂಜಿನ್ ಪಕ್ಕ ಇರೋ ಪಂಪಿಗೇ ಹಾಕು. ತಣ್ಣಗಾಗೋವರೆಗೂ ಮುಟ್ಟಬೇಡ."

ಬಿಸಿಗೆ ಪಂಪಿನೊಳಗಿನ ಪೆಟ್ರೋಲು ಆವಿಯಾಗಿ ದಾರಿ ಕಟ್ಟಿತ್ತು. ಸ್ವಲ್ಪ ಹೊತ್ತಿಗೆಲ್ಲ ಗಾಡಿ ಏರು ಹತ್ತಿತು. ಅಂದು ಗಂಡ ಕಾಯಿಲೆ ಬಿದ್ದ ಮೇಲೆ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡ.

ಅಲ್ಲಿಂದ ಅವಳು ಹುಷಾರಿಲ್ಲ ಅಂತ ಫೋನು ಇಟ್ಟುಬಿಡುವುದನ್ನು ನಿಲ್ಲಿಸಿದಳು. ಇತ್ತ ಕಾರಿಗೆ ಧೂಳು ಹಿಡಿದಿತ್ತು. ಮೈದುನ ಬಂದವನು, "ಅತ್ತಿಗೆ, ಗಿರಾಕಿ ಇದ್ದಾರೆ, ಕೊಟ್ಟು ಕೈತೊಳ್ಕೊಳ್ಳಿ. ನಿಂತ ಗಾಡಿ ಗುಜರಿಗೆ ಸಮ," ಎಂದ. ಮೊದಲಾಗಿದ್ದರೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಆದರೆ ಗಂಡ ಗೋಡೆಯ ಕಡೆ ಹೊರಳಿದ್ದನ್ನು ನೋಡಿ, "ಓಡಿಸಿ ನೋಡ್ತೀನಿ, ಆಮೇಲೆ ಮಾತಾಡೋಣ," ಎಂದುಬಿಟ್ಟಳು. ಅವಳಿಗೆ ಓಡಿಸಲು ಬರುತ್ತಲೂ ಇರಲಿಲ್ಲ.

ಗಂಡನನ್ನು ಷೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ ಕೆಲಸಕ್ಕೆ ಇಳಿದಳು. ಹುಳಿವಾಸನೆ ಬಂದಿದ್ದ ಹಳೆಯ ಪೆಟ್ರೋಲನ್ನೆಲ್ಲ ಇಳಿಸಿದಳು. ಪ್ಲಗ್ಗು ಬಿಚ್ಚಿ, ತೂತುಗಳಿಗೆ ಒಂದಿಷ್ಟು ಎಣ್ಣೆ ಬಿಟ್ಟು, ನೆನೆಯಲು ಬಿಟ್ಟಳು. ಮಾರನೆಯ ದಿನ ಹ್ಯಾಂಡಲು ಹಾಕಿ ಎಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದಳು. ಬಹಳ ದಿನ ಮುಟ್ಟದ ಹೊಲಿಗೆ ಯಂತ್ರಕ್ಕೂ ಅವಳು ಮಾಡುತ್ತಿದ್ದದ್ದು ಅದನ್ನೇ. ಬಿರುಕು ಬಿಟ್ಟಿದ್ದ ಬ್ರೇಕಿನ ರಬ್ಬರ್ ಕೊಳವೆಗಳನ್ನು ಬೇಕರಿಯವನು ಬಂದು ಬದಲಾಯಿಸಿದ. ಕುರ್ಚಿಯಿಂದ ಹಾಗಲ್ಲ ಹಾಗಲ್ಲ ಅಂತ ಬರುತ್ತಲೇ ಇತ್ತು. ನೂರು ಹಾಗಲ್ಲದಲ್ಲಿ ಯಾವುದು ನಿಜವಾದ ಹಾಗಲ್ಲ ಅಂತ ತಿಳಿಯದೆ ಅವಳು ಅದರಲ್ಲಿ ಅರ್ಧದಷ್ಟಕ್ಕೆ ಕಿವಿಗೊಡುವುದನ್ನೇ ಬಿಟ್ಟಿದ್ದಳು.

ಹೊಸ ಬ್ಯಾಟರಿ ಬಂತು. ಮೈನಸ್ ತಂತಿ ಕಾರಿನ ಬಾಡಿಯ ತಗಡಿಗೆ ಅಂತ ಲೋಕಕ್ಕೆಲ್ಲ ಗೊತ್ತು. ಅವಳು ಹಾಗೆಯೇ ಸಿಕ್ಕಿಸಲು ಹೋದಳು.

"ಹಾಗಲ್ಲ."

"ಗೊತ್ತು ಸುಮ್ನಿರಿ."

"ಹಾಗಲ್ಲ. ಹಾಗಲ್ಲ."

"ಏನ್ ಮಾಡಿದ್ರೂ ಹಾಗಲ್ಲ. ನಾನೇನು ಮಾಡ್ಲಿ ಹೇಳಿ," ಎಂದು ಸ್ಪ್ಯಾನರ್ ಕುಕ್ಕಿದಳು. ಬೆನ್ನು ತಿರುಗಿಸಿ ಮತ್ತೆ ತಂತಿ ಹಿಡಿದಾಗ ಕುರ್ಚಿ ಉರುಳಿದ ಸದ್ದಾಯಿತು. ಮರುಗಳಿಗೆ ಅವನ ಎಡಗೈ ಅವಳ ಮಣಿಕಟ್ಟನ್ನು ಹಿಡಿದಿತ್ತು. ಮಡ್ಗಾರ್ಡಿಗೆ ಮೈ ಆನಿಸಿಕೊಂಡು ಕಾಲೆಳೆಯುತ್ತಾ ಬಂದಿದ್ದ. ಏದುಸಿರು ಬಿಡುತ್ತಾ ಬೆರಳನ್ನು ಮೊದಲು ಬ್ಯಾಟರಿಯ ಪ್ಲಸ್ ಗುರುತಿನ ಮೇಲಿಟ್ಟ, ಆಮೇಲೆ ಬಾಡಿಯ ತಗಡಿನ ಮೇಲೆ. ಆ ಕಾಲದ ಕೆಲವು ಕಾರುಗಳಿಗೆ ತಂತಿ ಉಲ್ಟಾ, ಪ್ಲಸ್ಸೇ ತಗಡಿಗೆ. ಅವಳು ಹಾಗೆಯೇ ಸಿಕ್ಕಿಸಿದ್ದರೆ ಬ್ಯಾಟರಿಗೆ ಕರೆಂಟು ತುಂಬುವ ಡೈನಮೋ ಕಥೆ ಮುಗಿಯುತ್ತಿತ್ತು.

ಅವಳಿಗೆ ಡೈನಮೋ ನೆನಪಾದದ್ದು ಆಮೇಲೆ. ಮೊದಲು ಅವನು ನಿಂತಿದ್ದಾನೆ ಅನ್ನುವುದು ಕಂಡಿತು. ಕಂಕುಳಿಗೆ ಹೆಗಲು ಕೊಟ್ಟು, "ಹೇಳೋದಕ್ಕೆ ಎದ್ದು ಬಂದ್ರಾ?" ಎಂದಳು. ಅವನು ನಗಲು ಹೋದ. ಬಾಯಿ ಒಂದೇ ಪಕ್ಕಕ್ಕೆ ಎಳೆಯಿತು.

ಎಂಜಿನ್ನು ಆ ಸಂಜೆ ಹೊಗೆ ಕಾರಿ, ಕೆಮ್ಮಿ, ಹತ್ತಿತು. ಅವಳು ಡ್ರೈವಿಂಗ್ ಕಲಿತಳು. ಮೊದಲ ಪರೀಕ್ಷೆಯಲ್ಲಿ ಫೇಲಾಗಿ, ಎರಡನೆಯದರಲ್ಲಿ ಪಾಸಾದಳು. ಗಂಡನಿಗೆ ಕೋಲು ಹಿಡಿದು ನಡೆಯಲು ಬಂತು. ಮಾತು ಬಂದದ್ದು ಕಡಿಮೆ. ಹೆಂಡತಿಯ ಹೆಸರು, ಚಹಾ, ಸಾಕು, ಇನ್ನೊಂದಿಷ್ಟು. ಮೈದುನ ಗಿರಾಕಿಯ ಮಾತೆತ್ತಲಿಲ್ಲ.

ಈಗ ಫೋನಿಗೆ ಅವಳೇ ಉತ್ತರ ಕೊಡುತ್ತಾಳೆ. ಹೊಸದಾಗಿ ಹಳೇ ಕಾರು ತಂದವರು ಬಣ್ಣ, ಪಾಲಿಷ್ ಅಂತ ಶುರುಮಾಡಿದರೆ, "ಮೊದಲು ಬ್ರೇಕ್ ಒತ್ತಿದ್ರೆ ನಿಲ್ಲುತ್ತಾ ನೋಡಿ, ಆಮೇಲೆ ಹೊಳೀಲಿ," ಅನ್ನುತ್ತಾಳೆ. ನಿಂತಲ್ಲೇ ಎಂಜಿನ್ ಉರಿಸಿ ಆರಿಸುವವರಿಗೆ, "ಅದು ಉಪಕಾರ ಅಲ್ಲ, ಒಳಗೆ ನೀರು ಕಟ್ಟುತ್ತೆ. ಚೆನ್ನಾಗಿ ಬಿಸಿಯಾಗೋವಷ್ಟು ದೂರ ಓಡಿಸಿ," ಅನ್ನುತ್ತಾಳೆ. ಅವಳ ಸವತಿ ಮಾತ್ರ ವಾರಕ್ಕೊಮ್ಮೆ ಕೈಕಾಲು ವ್ಯಾಯಾಮ ಮಾಡಿಸುವ ಡಾಕ್ಟರ ಹತ್ತಿರ ಗಂಡನನ್ನು ಕರೆದುಕೊಂಡು ಹೋಗಿ ಬರುತ್ತಾಳೆ. ಊರ ಆ ತುದಿಗೆ, ಸಾಕಷ್ಟು ದೂರ.