ಓದುವವಳು ಬೀಡಿ ಕಟ್ಟುವುದು ಬೇಡ

ನಂತೂರಿನಲ್ಲಿ ರಸ್ತೆ ದಾಟಲು ಮಕ್ಕಳು ದೊಡ್ಡವರ ಕೈ ಹಿಡಿಯಬೇಕಾಗಿಲ್ಲದ ದಿನಗಳವು. ಲಾರಿಗಳು ಆಗಲೂ ಇದ್ದವು. ಆದರೆ ಒಂದು ಹೋಗಿ ಇನ್ನೊಂದು ಬರುವಷ್ಟರಲ್ಲಿ ನಾವು ಆಚೆ ಹೋಗಿ, ಮರೆತ ಕೊಡೆ ತರಲು ಈಚೆ ಬಂದು, ಮತ್ತೆ ಆಚೆ ಹೋಗಬಹುದಿತ್ತು. ಜಂಕ್ಷನ್ನಿನಿಂದ ಕೆಳಗಿಳಿಯುವ ಓಣಿಯಲ್ಲಿ ಮೂರನೆಯದು ನಮ್ಮ ಮನೆ. ಅದರ ಜಗಲಿಯಲ್ಲಿ ಸಂಜೆ ನಾಲ್ಕೂವರೆಯಿಂದ ದೀಪ ಹಚ್ಚುವವರೆಗೆ ಬೀಡಿ ಕಟ್ಟುವ ಕೆಲಸ ನಡೆಯುತ್ತಿತ್ತು.

ಜಗಲಿಯಲ್ಲಿ ಕೂರುತ್ತಿದ್ದವರು ಮೂವರು. ಒಬ್ಬಳು ನನ್ನ ಅಮ್ಮ. ಇನ್ನೊಬ್ಬರು ಪಕ್ಕದ ಮನೆಯ ಕಮಲ ದೊಡ್ಡಮ್ಮ, ಓಣಿಯಲ್ಲಿ ಯಾರ ಮನೆಯಲ್ಲಿ ಎಂತ ಮೀನು ಎಂದು ವಾಸನೆಯಲ್ಲೇ ಹೇಳುವವರು. ಮೂರನೆಯವರು ಎದುರು ಮನೆಯ ಸುಂದರಿಯಕ್ಕ. ಅವರ ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಮದುವೆಯಾದ ವರ್ಷ ವಾರಕ್ಕೊಂದು ಕಾಗದ ಬರುತ್ತಿತ್ತಂತೆ, ಮತ್ತೆ ತಿಂಗಳಿಗೊಂದಾಯಿತು, ಆ ವರ್ಷ ಅಷ್ಟಮಿಯ ನಂತರ ಒಂದೂ ಇಲ್ಲ. ಸುಂದರಿಯಕ್ಕ ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದರು. ಅಲ್ಲಿ ಕೂತರೆ ಓಣಿಯ ತಲೆಯಲ್ಲಿ ಪೋಸ್ಟ್‌ಮ್ಯಾನ್ ಸೈಕಲ್ ಇಳಿಯುವುದು ಕಾಣುತ್ತದೆ. ಅವನು ಸಂಜೆ ಬರುವವನೇ ಅಲ್ಲ, ಆದರೂ ಅವರಿಗೆ ಅದೇ ಕಂಬ ಬೇಕು.

ನನಗೆ ಹನ್ನೊಂದು ವರ್ಷ. ಶಾಲೆಯಿಂದ ಬಂದ ಹೆಣ್ಣುಮಕ್ಕಳಿಗೆಲ್ಲ ಆಗ ಒಂದು ಕೆಲಸ ಇತ್ತು, ಕಟ್ಟಿದ ಬೀಡಿಯ ಬಾಯಿ ಮಡಚುವುದು. ಉಗುರಿನ ಸಂದಿಯಲ್ಲಿ ಹೊಗೆಸೊಪ್ಪು ಸೇರಿ ಊಟ ಮಾಡುವಾಗ ಕಹಿ. ತಲೆಗೂದಲಿಗೆಲ್ಲ ಅದರ ಘಾಟು. ನನಗೆ ಅದು ಕಂಡರಾಗದು. ಅದರಿಂದ ನನ್ನನ್ನು ಬಿಡಿಸಿದ್ದು ಪುಸ್ತಕ. ಬಸ್‌ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಕಾದಂಬರಿ ಕೊಡುವ ಸಣ್ಣ ಲೈಬ್ರರಿ ಇತ್ತು. ಅಮ್ಮ ಅಲ್ಲಿಂದ ತರಿಸುತ್ತಿದ್ದಳು. ಅಮ್ಮನಿಗೆ ಓದಲು ಬರುತ್ತಿದ್ದರೂ ಕೈ ಬಿಡುವಿರಲಿಲ್ಲ, ಉಳಿದ ಇಬ್ಬರಿಗೆ ಬಸ್ಸಿನ ಬೋರ್ಡು ಓದುವಷ್ಟೇ ಕನ್ನಡ. ಹಾಗಾಗಿ ಓದುವ ಕೆಲಸ ನನ್ನ ಪಾಲಿಗೆ ಬಂತು. ಓದುವವಳು ಬೀಡಿ ಮುಟ್ಟಬೇಕಾಗಿಲ್ಲ, ಅವಳ ಪಾಲಿನದ್ದನ್ನು ಉಳಿದವರು ಹಂಚಿಕೊಂಡು ಮಾಡುವುದು ಎಂದು ಜಗಲಿಯ ಕಾನೂನು. ಆ ಕಾನೂನು ಮಾಡಿದವರು ಕಮಲ ದೊಡ್ಡಮ್ಮ. ನನ್ನ ಪಾಲಿಗೆ ಅವರು ದೇವರು.

ಓದುವ ಕ್ರಮ ಹೇಗೆಂದರೆ, ಪುಸ್ತಕ ಕನ್ನಡದ್ದು, ಜಗಲಿ ತುಳುವಿನದ್ದು. ನಾನು ಅರ್ಧ ಪುಟ ಕಣ್ಣಲ್ಲೇ ಓದಿ, ತಲೆಯೆತ್ತಿ, ತುಳುವಿನಲ್ಲಿ ಹೇಳುತ್ತಿದ್ದೆ. ಮೂರು ಕತ್ತರಿಗಳು ಎಲೆ ಕತ್ತರಿಸುವ ಸದ್ದು ನಡೆಯುತ್ತಲೇ ಇರುತ್ತದೆ. ನಾನು ಉಸಿರು ತೆಗೆದುಕೊಂಡರೆ ಸಾಕು, ಮೂರು ಬಾಯಿಯಿಂದ ಒಟ್ಟಿಗೆ ಬರುತ್ತದೆ: "ಬೊಕ್ಕ?" ಅಂದರೆ, ಮತ್ತೆ? ಕಥೆ ಬಿಸಿಯಾದಾಗ ಕತ್ತರಿ ನಿಲ್ಲುತ್ತದೆ. ಕಥೆಯ ಹುಡುಗಿಗೆ ಕಷ್ಟ ಬಂದ ದಿನ ಕಟ್ಟಿದ ಬೀಡಿಯೆಲ್ಲ ಸಡಿಲವಾಗಿ, ಕಟ್ಟಿದ್ದನ್ನು ಎಣಿಸಿ ತೆಗೆದುಕೊಳ್ಳುವ ಬ್ರಾಂಚಿನವನು ಹಿಂದೆ ಕಳಿಸಿದ್ದೂ ಉಂಟು. ಎಂತ ಇದು, ಬೀಡಿ ಕಟ್ಟಿದ್ದಾ ಇಟ್ಟದ್ದಾ ಎಂದು ಅವನು ಕೇಳಿದನಂತೆ. ಪಾಪದ ಹುಡುಗಿಯ ಗಂಡ ಮನೆ ಬಿಟ್ಟು ಹೋದ ದಿನ ಇನ್ನು ಹೇಗೆ ಕಟ್ಟುವುದು ಮಾರಾಯ ಎಂದು ದೊಡ್ಡಮ್ಮ ಅವನಿಗೇ ಜೋರು ಮಾಡಿ ಬಂದರು.

ಆ ಗಂಡ ಬಿಟ್ಟುಹೋದ ಹುಡುಗಿಯ ಪುಸ್ತಕದ್ದೇ ಈ ಕಥೆ. ಮಳೆ ಪೂರ್ತಿ ಬಿಟ್ಟು, ಅಮ್ಮ ಚಹಾದ ಜೊತೆ ಬೇಯಿಸಿದ ಗೆಣಸು ಕೊಡುತ್ತಿದ್ದ ತಿಂಗಳು. ಪುಸ್ತಕಕ್ಕೆ ಮುಖಪುಟ ಇರಲಿಲ್ಲ, ಮೊದಲ ಎರಡು ಹಾಳೆಯೂ ಇರಲಿಲ್ಲ. ಹೆಸರೆಂತ, ಬರೆದವರು ಯಾರು, ಇವತ್ತಿಗೂ ಗೊತ್ತಿಲ್ಲ. ಕಥೆಯ ಹೆಂಗಸಿನ ಹೆಸರು ವಸುಧಾ. ಗಂಡ ಪರವೂರಿಗೆ ಕೆಲಸಕ್ಕೆ ಹೋಗುತ್ತಾನೆ, ಕಾಗದ ನಿಲ್ಲುತ್ತದೆ, ಇವಳು ಕಾಯುತ್ತಾಳೆ. ಎರಡನೆಯ ದಿನವೇ ನನಗೆ ಗೊತ್ತಾಯಿತು, ಸುಂದರಿಯಕ್ಕ ಕೇಳುವ ರೀತಿ ಬೇರೆ ಎಂದು. ಅಮ್ಮ ಮತ್ತು ದೊಡ್ಡಮ್ಮ ಗಂಡನಿಗೆ ಬೈಯುತ್ತಿದ್ದರು. ಸುಂದರಿಯಕ್ಕ ಬೈಯುತ್ತಿರಲಿಲ್ಲ. ಅವನಿಗೆ ಜ್ವರ ಬಂದಿರಬಹುದು, ವಿಳಾಸ ತಪ್ಪಿರಬಹುದು ಎನ್ನುತ್ತಿದ್ದರು. ಎಲ್ಲರೂ ಎದ್ದ ಮೇಲೆ ಒಂದು ದಿನ ನನ್ನ ಹತ್ತಿರ ಮೆಲ್ಲ ಕೇಳಿದರು, "ಸವಿ, ಅವನು ಬರ್ತಾನಲ್ಲ?" ಮುಂದೆ ಓದಲಿಲ್ಲ ಅಕ್ಕ ಎಂದೆ. ಮರುದಿನ ಬೆಳಿಗ್ಗೆ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಕೊನೆಯವರೆಗೂ ಓದಿ ಮುಗಿಸಿದೆ.

ಬರುತ್ತಾನೆ. ಬಹಳ ತಡವಾಗಿ ಬರುತ್ತಾನೆ. ಅಷ್ಟರಲ್ಲಿ ವಸುಧಾ ಪೇಟೆಯಲ್ಲಿ ನಾಲ್ಕು ಜನರಿಗೆ ಊಟ ಹಾಕುವ ಸಣ್ಣ ಮೆಸ್ ಇಟ್ಟಿರುತ್ತಾಳೆ. ಬಾಗಿಲಲ್ಲಿ ನಿಂತ ಗಂಡನನ್ನು ಕೂರಿಸಿ, ಕಾಫಿ ಕೊಟ್ಟು, ಐದು ಗಂಟೆಗೆ ಒಂದು ಬಸ್ಸಿದೆ, ತಪ್ಪಿದರೆ ಮತ್ತೆ ಇಲ್ಲ ಎನ್ನುತ್ತಾಳೆ. ಅವನು ಹೋಗುತ್ತಾನೆ. ಪುಸ್ತಕ ಮುಗಿಯುತ್ತದೆ. ನನಗೆ ಅಳು ಬಂತು, ಸಿಟ್ಟೂ ಬಂತು. ಇದೆಂತ ಬರೆಯುವುದು? ಇಷ್ಟು ಕಾದವಳು ಬಂದವನನ್ನು ಕಳಿಸುವುದಾ? ಇದನ್ನು ಸುಂದರಿಯಕ್ಕನ ಎದುರು ಹೇಳುವುದು ಹೇಗೆ?

ಹೇಳಲಿಲ್ಲ. ಪುಸ್ತಕ ನನ್ನ ಕೈಯಲ್ಲಿ, ತುಳು ನನ್ನ ಬಾಯಲ್ಲಿ, ಕೇಳುವವರು ಯಾರು? ಗುರುವಾರ ಸಂಜೆ ಕೊನೆಯ ಪುಟವನ್ನು ಎದುರಿಗೆ ಬಿಡಿಸಿಟ್ಟುಕೊಂಡು, ಅದರಲ್ಲಿಲ್ಲದ್ದನ್ನು ಹೇಳಿದೆ. ಮೆಸ್ಸಿನ ಸುದ್ದಿಯನ್ನೇ ಎತ್ತಲಿಲ್ಲ. ವಸುಧಾ ಹಗಲೂ ಇರುಳೂ ಬಾಗಿಲಲ್ಲಿ ಕಾದಳು, ಗಂಡ ಬಂದ, ಇಬ್ಬರೂ ಅತ್ತರು, ಸುಖವಾಗಿದ್ದರು. ಅವನು ಅವಳಿಗೆ ಹಸಿರು ಸೀರೆ ತಂದಿದ್ದ ಎಂದೂ ಸೇರಿಸಿದೆ. ಅಷ್ಟೂ ಹೇಳುವಾಗ ನನ್ನ ಸ್ವರ ಒಂದು ಚೂರೂ ನಡುಗಲಿಲ್ಲ. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಒಂದು ಗೆಣಸು ಹೆಚ್ಚು ಕೊಟ್ಟರು.

ನನ್ನ ಗ್ರಹಚಾರ ಅದೇ ಸಂಜೆ ಸುರುವಾಯಿತು. ಫಳ್ನೀರಿನ ಒಂದು ಟೈಲರ್ ಅಂಗಡಿಯಲ್ಲಿ ಹೆಂಗಸರ ಬಟ್ಟೆ ಹೊಲಿಯಲು ಜನ ಬೇಕು ಎಂದು ಅಮ್ಮ ಸುಂದರಿಯಕ್ಕನಿಗೆ ಮೊದಲೇ ಹೇಳಿದ್ದಳು. ಅಕ್ಕನ ಕೈಹೊಲಿಗೆ ಓಣಿಗೇ ಗೊತ್ತು. ಸೋಮವಾರದ ಒಳಗೆ ಬರುವುದಾದರೆ ಬರಲಿ ಎಂದು ಅಂಗಡಿಯವರು ಹೇಳಿದ್ದರಂತೆ. ಗೆಣಸಿನ ಸಿಪ್ಪೆ ಗುಡಿಸುತ್ತಾ ಅಮ್ಮ ಅದನ್ನು ಕೇಳಿದಳು. ಸುಂದರಿಯಕ್ಕ ನಗುತ್ತಾ, ಬೇಡ ಅಕ್ಕ, ಅವರು ಬರುವಾಗ ನಾನು ಮನೆಯಲ್ಲಿ ಇರಬೇಕಲ್ಲ, ಆ ವಸುಧಾ ಇದ್ದಳಲ್ಲ ಹಾಗೆ, ಎಂದರು. ಅವರ ಒಳ್ಳೆಯದಕ್ಕೆಂದು ಹೇಳಿದ ಸುಳ್ಳು ಅವರ ಕೆಲಸವನ್ನೇ ತಪ್ಪಿಸುತ್ತಿತ್ತು. ಆದರೆ ಬಾಯಿಬಿಟ್ಟರೆ ಓದುವ ಜಾಗ ಹೋಗುತ್ತದೆ. ನಾನು ಹೆದರಿ ಸುಮ್ಮನೆ ಕೂತೆ, ಶುಕ್ರವಾರವೂ ಸುಮ್ಮನಿದ್ದೆ.

ಶನಿವಾರ ನಮ್ಮ ಶಾಲೆಯಲ್ಲಿ ಕೊನೆಯ ಪೀರಿಯಡ್ ಲಿಲ್ಲಿ ಟೀಚರದ್ದು. ಅವರು ಪಾಠ ಮಾಡುತ್ತಿರಲಿಲ್ಲ. ಇಬ್ಬರನ್ನು ಎಬ್ಬಿಸಿ, ಈಗ ಎಂತ ಓದ್ತಾ ಇದ್ದೀರಿ, ಓದಿ ಎಂತ ಅನಿಸಿತು ಎಂದು ಕೇಳುತ್ತಿದ್ದರು. ಕೆಲವರು ಬಿಸ್ಕತ್ತಿನ ಪ್ಯಾಕೆಟಿನ ಮೇಲಿದ್ದದ್ದನ್ನು ಓದಿದ್ದೇವೆ ಎನ್ನುತ್ತಿದ್ದರು, ಅದಕ್ಕೂ ಟೀಚರ್ ಸಿಟ್ಟಾಗುತ್ತಿರಲಿಲ್ಲ, ಅನಿಸಿದ್ದು ಮಾತ್ರ ಹೇಳಲೇಬೇಕು. ಆ ದಿನ ನನ್ನ ಸರದಿ. ನಾನು ವಸುಧಾಳ ಕಥೆ ಹೇಳಿದೆ. ಟೀಚರಿಗೆ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಮೆಸ್ಸು, ಕಾಫಿ, ಐದು ಗಂಟೆಯ ಬಸ್ಸು, ಎಲ್ಲ ಇದ್ದ ಹಾಗೆ ಹೇಳಿ, ಓದಿ ನನಗೆ ಸಿಟ್ಟು ಬಂತು ಟೀಚರ್ ಎಂದೆ. ಸಿಟ್ಟು ಬಂದರೆ ಒಳ್ಳೆಯ ಪುಸ್ತಕ, ಯಾಕೆ ಬಂತು ಎಂದು ಇನ್ನೊಮ್ಮೆ ಯೋಚಿಸು ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಎರಡು ಬೆಂಚು ಹಿಂದೆ ಶೋಭಾ ಕೂತಿದ್ದದ್ದು ನೆನಪೇ ಆಗಲಿಲ್ಲ. ಶೋಭಾ ಕಮಲ ದೊಡ್ಡಮ್ಮನ ಮೊಮ್ಮಗಳು. ಸಂಜೆ ನಾವು ಓದುವಾಗ ಬೀಡಿಯ ಕೆಲಸ ತಪ್ಪಿಸಿಕೊಂಡು ಲಗೋರಿ ಆಡಲು ಹೋಗುವವಳು. ಆದರೆ ದೊಡ್ಡಮ್ಮ ಹಸಿರು ಸೀರೆಯ ಕಥೆಯನ್ನು ಊಟಕ್ಕೆ ಕೂತಾಗ ಮನೆಯವರಿಗೆಲ್ಲ ಹೇಳಿದ್ದರು.

ಮಧ್ಯಾಹ್ನ ನಾನು ಮನೆ ಸೇರುವಾಗ ಜಗಲಿಯಲ್ಲಿ ಮೂವರೂ ಆಗಲೇ ಕೂತಿದ್ದಾರೆ. ಕತ್ತರಿಯ ಸದ್ದಿಲ್ಲ. ಶೋಭಾ ಮೆಟ್ಟಿಲಲ್ಲಿ ನಿಂತು ನನ್ನನ್ನು ನೋಡಿ ಹಲ್ಲು ಕಿರಿದಳು. ಪುಸ್ತಕ ಇನ್ನೂ ವಾಪಸು ಹೋಗಿರಲಿಲ್ಲ. ದೊಡ್ಡಮ್ಮ ಅದನ್ನು ನನ್ನ ಮುಂದಿಟ್ಟು, ಇದರಲ್ಲಿ ಹಸಿರು ಸೀರೆ ಎಲ್ಲುಂಟು ತೋರಿಸು ಎಂದರು. ನಾನು ಅತ್ತೆ. ಅಮ್ಮ ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಅವಳು ಹೊಡೆಯಲಿಲ್ಲ, ಯಾಕೆ ಹಾಗೆ ಮಾಡಿದ್ದು ಎಂದು ಕೇಳಲೂ ಇಲ್ಲ. ಸುಂದರಿಯಕ್ಕನ ಮುಖ ನೋಡಿ ಅವಳಿಗೆ ಅರ್ಥವಾಗಿತ್ತು.

ಸುಂದರಿಯಕ್ಕ ಮಾತ್ರ ಹೇಳಿದರು, "ಇದ್ದದ್ದನ್ನು ಇದ್ದ ಹಾಗೆ ಓದು, ಸವಿ. ಮೆಲ್ಲ ಓದು."

ಓದಿದೆ. ಬಿಟ್ಟ ಪುಟಗಳನ್ನೆಲ್ಲ ಓದಿದೆ. ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ, ಆಮೇಲೆ ತುಳುವಿನಲ್ಲಿ ಹೇಳಬೇಕೆಂದು ದೊಡ್ಡಮ್ಮನ ಆಜ್ಞೆ. ಮೆಸ್ಸಿಗೆ ಮೊದಲ ದಿನ ಇಬ್ಬರೇ ಬಂದದ್ದು, ಸಾರು ಉಳಿದದ್ದು, ಮೂರನೆಯ ದಿನ ಅನ್ನ ಸಾಲದೆ ಹೋದದ್ದು, ಎಲ್ಲ ಬಂತು. ಬಸ್ಸಿನ ಮಾತು ಬಂದಾಗ ನನ್ನ ಸ್ವರ ಕುಗ್ಗಿತು. ಯಾರೂ ಬೊಕ್ಕ ಎನ್ನಲಿಲ್ಲ, ಇನ್ನು ಬೊಕ್ಕ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಜಗಲಿಯಲ್ಲಿ ಆದ ಜಗಳದಂಥ ಜಗಳವನ್ನು ನಾನು ಪುಸ್ತಕದ ವಿಷಯಕ್ಕೆ ಮತ್ತೆಲ್ಲೂ ನೋಡಿಲ್ಲ. ಮನೆಗೆ ಬಂದವನನ್ನು ಹಾಗೆ ಕಳಿಸುವುದು ಕೊಬ್ಬು ಎಂದರು ದೊಡ್ಡಮ್ಮ. ಕಾಫಿ ಕೊಟ್ಟದ್ದೇ ಹೆಚ್ಚು ಎಂದಳು ಅಮ್ಮ. ನಲವತ್ತು ವರ್ಷ ಗಂಡನೊಟ್ಟಿಗೆ ಸಂಸಾರ ಮಾಡಿದವಳು ನಾನು, ನನಗೆ ಹೇಳಿಕೊಡುವುದು ಬೇಡ ಎಂದರು ದೊಡ್ಡಮ್ಮ. ಹಾಗಾದರೆ ನೀವೇ ಅವನಿಗೆ ಊಟ ಹಾಕಿ ಎಂದಳು ಅಮ್ಮ. ಇಲ್ಲದ ಮನುಷ್ಯನಿಗೆ ಊಟ ಹಾಕುವ ವಿಷಯಕ್ಕೆ ಇಬ್ಬರೂ ಸ್ವಲ್ಪ ಹೊತ್ತು ಮಾತು ಬಿಟ್ಟರು. ಈ ಗಲಾಟೆಯ ನಡುವೆ ಸುಂದರಿಯಕ್ಕ ಕಂಬದಿಂದ ಬೆನ್ನು ತೆಗೆದು, ನನ್ನ ಹತ್ತಿರ ಸರಿದು ಕೂತು, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಆ ಪುಟವನ್ನು ನೋಡಿದರು. ಓದಲು ಬರುವವರ ಹಾಗೆ ಮೇಲಿನಿಂದ ಕೆಳಗೆ ನೋಡಿದರು.

"ನೀನು ಹೇಳಿದ್ದರಲ್ಲಿ ಅವಳು ಬಾಗಿಲಲ್ಲಿ ನಿಂತೇ ಇದ್ದಳು ಸವಿ," ಎಂದರು. "ಇದರಲ್ಲಿ ಅವಳಿಗೆ ಕೆಲಸ ಉಂಟು."

ಸೋಮವಾರ ಅವರು ಫಳ್ನೀರಿಗೆ ಹೋದರು. ಹೊರಡುವಾಗ ಮನೆಗೆ ಬೀಗ ಹಾಕಿ, ಯಾರಾದರೂ ಬಂದರೆ ಕೊಡಿ ಎಂದು ಬೀಗದ ಕೈಯನ್ನು ಅಮ್ಮನ ಹತ್ತಿರ ಕೊಟ್ಟರು. ಸ್ವಲ್ಪ ದಿನ ಕಳೆದ ಮೇಲೆ ಅದನ್ನು ತಮ್ಮ ಚೀಲದಲ್ಲೇ ಇಟ್ಟುಕೊಂಡು ಹೋಗತೊಡಗಿದರು. ಅವರ ಗಂಡ ಬಂದರೋ ಎಂದು ನೀವು ಕೇಳಬಹುದು. ಬಂದರು, ನಾನು ಹೈಸ್ಕೂಲು ಮುಗಿಸುವ ವರ್ಷ, ಒಂದು ಆದಿತ್ಯವಾರ. ಸುಂದರಿಯಕ್ಕ ಚಹಾ ಕೊಟ್ಟರು. ಬಸ್ಸಿನ ಮಾತು ಎತ್ತಲಿಲ್ಲ. ಮದುವೆಯ ಬ್ಲೌಸುಗಳು ಉಂಟು ಎಂದು ಹೊಲಿಗೆ ಮೆಷಿನ್ನಿನ ಮುಂದೆ ಹೋಗಿ ಕೂತರು. ಗಂಡ ಸ್ವಲ್ಪ ಹೊತ್ತು ಆ ಸದ್ದು ಕೇಳುತ್ತಾ ಕೂತಿದ್ದು, ತಾವಾಗಿಯೇ ಎದ್ದು ಹೋದರು.

ನನಗೆ ಶಿಕ್ಷೆ ಆಯಿತು. ಸುಳ್ಳು ಓದುವವಳಿಗೆ ಬೀಡಿ ಉಂಟು ಎಂದು ದೊಡ್ಡಮ್ಮ ಹೊಸ ಕಾನೂನು ಮಾಡಿದರು. ಓದುವ ಜಾಗ ಶೋಭಾಳಿಗೆ ಹೋಯಿತು. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಹೊಸ ಕಥೆಯ ಹುಡುಗಿಗೆ ಬಾವಿಯಿಂದ ಒಂದು ಕೊಡ ನೀರು ತರಲು ಮೂರು ದಿನ ಹಿಡಿಯಿತು. ಎರಡನೆಯ ವಾರ ದೊಡ್ಡಮ್ಮನೇ ಪುಸ್ತಕವನ್ನು ನನ್ನ ಮಡಿಲಿಗೆ ಎಸೆದು, ಸುಳ್ಳು ಹೇಳಿದರೆ ನಾಲಿಗೆ ಕತ್ತರಿಸುತ್ತೇನೆ ಎಂದು ಕತ್ತರಿ ತೋರಿಸಿ, ಓದು ಎಂದರು. ಆ ಸಂಜೆ ಗೆಣಸು ಎಷ್ಟು ಸಿಹಿಯಾಗಿತ್ತು ಎಂದು ನಿಮಗೆ ಹೇಗೆ ಹೇಳುವುದು.

ಆ ಜಗಲಿ ಇದ್ದಲ್ಲಿ ಈಗ ಒಂದು ಟಯರ್ ಅಂಗಡಿ. ಓಣಿಯ ತಲೆಯಲ್ಲಿ ರಸ್ತೆ ದಾಟಬೇಕಾದರೆ ಪೊಲೀಸಿನವನು ಕೈ ತೋರಿಸುವವರೆಗೆ ನಿಲ್ಲಬೇಕು. ಅಮ್ಮ ಇಲ್ಲ, ದೊಡ್ಡಮ್ಮ ಇಲ್ಲ. ನಾನು ಫಳ್ನೀರಿನ ಫ್ಲ್ಯಾಟಿನಲ್ಲಿದ್ದೇನೆ, ಚೆನ್ನಾಗಿಯೇ ಇದ್ದೇನೆ. ಪುಸ್ತಕಕ್ಕೆ ಬರ ಇಲ್ಲ. ಈಗ ಏನು ಓದುತ್ತಿದ್ದೀರಿ ಎಂದು ಹೇಳಿಕೊಳ್ಳುವ ವಾಟ್ಸಾಪ್ ಗುಂಪು ಕೂಡ ಉಂಟು. ಶನಿವಾರ ನಾನೂ ಮುಖಪುಟದ ಫೋಟೋ ಹಾಕಿ ನಾಲ್ಕು ಸಾಲು ಬರೆಯುತ್ತೇನೆ. ಸಾಲಾಗಿ ಹೆಬ್ಬೆರಳು ಬರುತ್ತವೆ, ಹೂವು ಬರುತ್ತವೆ. ಒಳ್ಳೆಯವರೇ ಎಲ್ಲ. ಆದರೆ ಯಾರ ಕೈಯ ಕೆಲಸವೂ ನನ್ನ ಓದಿಗಾಗಿ ನಿಲ್ಲುವುದಿಲ್ಲ, ಇದು ಕೊಬ್ಬು ಎಂದು ಯಾರೂ ಜಗಳಕ್ಕೆ ಬರುವುದಿಲ್ಲ.

ಅದಕ್ಕೇ ಗುಂಪಿಗೆ ಬರೆದ ಮೇಲೆ ಉಳ್ಳಾಲಕ್ಕೆ ಫೋನ್ ಮಾಡುತ್ತೇನೆ. ಸುಂದರಿಯಕ್ಕ ಅಲ್ಲಿ ತಮ್ಮದೇ ಹೊಲಿಗೆ ಅಂಗಡಿ ಮಾಡಿ, ಈಗ ಕಣ್ಣು ಮಂಜಾಗಿ ಅದನ್ನು ತಂಗಿಯ ಮಗಳಿಗೆ ಬಿಟ್ಟು ಕೂತಿದ್ದಾರೆ. ಈಗ ಎಂತ ಓದ್ತಾ ಇದ್ದಿ ಎಂದು ಕೇಳುತ್ತಾರೆ. ನಾನು ಅರ್ಧ ಪುಟ ಕಣ್ಣಲ್ಲಿ ಓದಿ ತುಳುವಿನಲ್ಲಿ ಹೇಳುತ್ತೇನೆ. ಕಳೆದ ಶನಿವಾರ ಕಥೆಯಲ್ಲಿ ಒಬ್ಬ ಮುದುಕಿಗೆ ಹುಷಾರಿಲ್ಲದ ಪುಟ ಬಂತು, ನಾನು ಸ್ವಲ್ಪ ತಡೆದೆ. ಅತ್ತ ಕಡೆಯಿಂದ ಕೂಡಲೇ ಬಂತು, "ಸವಿ, ಇದ್ದದ್ದನ್ನು ಇದ್ದ ಹಾಗೆ ಓದು."

ಓದಿದೆ. ಬೊಕ್ಕ ಎಂದು ಕೇಳುತ್ತಿದ್ದ ಮೂರು ಬಾಯಿಗಳಲ್ಲಿ ಉಳಿದದ್ದು ಅದೊಂದೇ, ಅದಕ್ಕೆ ಇನ್ನು ಸುಳ್ಳು ಹೇಳಲಾರೆ.