ಗಾಡಿ ಮೇಲಿಂದ ಕರೆದ ಮದುವೆ

ನಮ್ಮಲ್ಲಿ ಮದುವೆಗೆ ಕರೆಯುವುದು ಅಂದರೆ ಪತ್ರಿಕೆ ಕೈಗಿಟ್ಟು ಬರುವುದಲ್ಲ. ಹೊಸಿಲು ದಾಟಿ ಒಳಗೆ ಹೋಗಬೇಕು, ಕೂರಬೇಕು, ಕೊಟ್ಟ ನೀರು ಕುಡಿಯಬೇಕು. ಮನೆಯ ಹೆಂಗಸರಿಗೆ ಕುಂಕುಮ, ತಾಂಬೂಲ ಕೊಟ್ಟು, ಹಿರಿಯರ ಕಾಲಿಗೆ ಬಿದ್ದು, ಎಲ್ಲರೂ ಬರಬೇಕು ಅಂತ ಬಾಯಿ ತುಂಬಾ ಹೇಳಬೇಕು. ಅದಕ್ಕೆ ಒಬ್ಬರೇ ಹೋಗುವುದೂ ಸರಿಯಲ್ಲ, ಜೊತೆಗೆ ಇನ್ನೊಬ್ಬರು ಇರಬೇಕು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಮೋಟರ್ ಬೈಕ್ ಒಂದೇ.

ತೊಂಬತ್ತರ ದಶಕದ ಕೊನೆಯ ಮಾತು. ಸುದ್ದಗುಂಟೆಪಾಳ್ಯದ ನಮ್ಮ ಮನೆಯಲ್ಲಿ ಅಕ್ಕನ ಮದುವೆ ಗೊತ್ತಾಗಿತ್ತು. ನಮ್ಮ ರಾಗಿ ಹೊಲ ಬಡಾವಣೆಯ ಸೈಟುಗಳಾಗಿ ಎಷ್ಟೋ ವರ್ಷವಾಗಿತ್ತು. ಅಪ್ಪ ಹಳೇ ಮನೆ ಕೆಡವಿ, ಮಹಡಿ ಮೇಲೆ ಮಹಡಿ ಕಟ್ಟಿಸಿ, ಬಾಡಿಗೆಗೆ ಕೊಟ್ಟಿದ್ದರು. ಆ ಮನೆಯ ಗೃಹಪ್ರವೇಶಕ್ಕೆ ತಮ್ಮ ಒಡಹುಟ್ಟಿದ ಅಕ್ಕನನ್ನು, ಅಂದರೆ ನನ್ನ ಅತ್ತೆಯನ್ನು, ಫೋನಿನಲ್ಲಿ ಕರೆದಿದ್ದರು. ಅತ್ತೆ ಮನೆಯಲ್ಲಿ ಫೋನೂ ಇರಲಿಲ್ಲ. ಅವರ ಊರಿನ ಅಂಗಡಿಗೆ ಮಾಡಿ, ಸ್ವಲ್ಪ ಹೇಳಿಬಿಡಿ ಅಂದಿದ್ದರು. ಅತ್ತೆ ಬರಲಿಲ್ಲ. ಅವತ್ತಿನಿಂದ ಹೋಗಿ ಬರುವುದು ನಿಂತೇ ಹೋಯಿತು. ತಾನಾಗಿ ಹೋಗುವ ಜಾತಿಯಲ್ಲ ಅಪ್ಪ, ಕರೆಯದೆ ಬರುವ ಜಾತಿಯಲ್ಲ ಅತ್ತೆ.

ಅಕ್ಕ ಮಾತ್ರ ಅತ್ತೆ ಬರದಿದ್ದರೆ ನಾನು ಹಸೆ ಮೇಲೆ ಕೂರಲ್ಲ ಅಂತ ಅತ್ತಳು. ಚಿಕ್ಕಂದಿನಲ್ಲಿ ಅವಳನ್ನು ಸೊಂಟದಿಂದ ಇಳಿಸದೆ ಸಾಕಿದವರು ಅತ್ತೆ. ಈ ಸಲವಾದರೂ ಸರಿಯಾಗಿ ಹೋಗಿ ಕರೆಯೋಣ ಅಂತ ಅಮ್ಮ ಹೇಳಿದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಗಂಡನನ್ನು ಬಿಟ್ಟು ಆ ಮನೆ ಮೆಟ್ಟಿಲು ಹತ್ತಲು ಅಮ್ಮನಿಗೆ ಮುಖವಿರಲಿಲ್ಲ. ನಾನು ಹೋಗ್ತೀನಿ ಅಂದೆ. ಎಲ್ಲರಿಗೂ ಎಷ್ಟು ಸಮಾಧಾನವಾಯಿತು ಅಂದರೆ, ಅಕ್ಕ ಅವತ್ತು ನನ್ನ ಶರ್ಟಿಗೆ ತಾನೇ ಇಸ್ತ್ರಿ ಹಾಕಿಕೊಟ್ಟಳು.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಅತ್ತೆಯಲ್ಲ, ರಸ್ತೆ. ಸೆಕೆಂಡ್ ಹ್ಯಾಂಡ್ ಬೈಕ್ ಒಂದು ಕೈಗೆ ಬಂದು ಕೆಲವೇ ದಿನವಾಗಿತ್ತು. ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಗದಗಿನ ಕಡೆಯವನೊಬ್ಬ ಜೆ.ಪಿ. ನಗರದ ಖಾಲಿ ಮೈದಾನದಲ್ಲಿ ಕಲಿಸಿದ್ದ. ಹೋಗುವುದನ್ನು ಚೆನ್ನಾಗಿ ಕಲಿಸಿದ. ನಿಲ್ಲಿಸುವುದು, ಮತ್ತೆ ಸ್ಟಾರ್ಟ್ ಮಾಡುವುದು ಹೇಗೆ ಅಂದರೆ ಅದೆಲ್ಲಾ ತಾನ ಬರತೈತಿ ಅಂದಿದ್ದ. ಚಿಕ್ಕಪ್ಪನ ಮಗನನ್ನೂ ಕರ್ಕೊಂಡು ಹೋಗು ಅಂತ ಅಮ್ಮ ಹೇಳಿದಾಗ, ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಗಾಡಿ ಹಾವಿನ ಹಾಗೆ ಓಡುತ್ತದೆ ಅನ್ನಲು ನಾಚಿಕೆಯಾಗಿ, ಅವನು ಬಂದರೆ ಲೇಟಾಗುತ್ತೆ ಅಂದೆ. ಅಮ್ಮ ವೈರ್ ಬ್ಯಾಗಿನಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮದ ಬಟ್ಟಲು ಜೋಡಿಸಿ ಹ್ಯಾಂಡಲಿಗೆ ನೇತು ಹಾಕಿದಳು. ಪತ್ರಿಕೆಯನ್ನು ಟ್ಯಾಂಕ್ ಕವರಿನ ಜೇಬಿಗೆ ಸೇರಿಸಿದೆ.

ಬನಶಂಕರಿ ದಾಟಿ ಕನಕಪುರ ರಸ್ತೆ ಹಿಡಿದ ಮೇಲೆ ಮನೆ, ಮದುವೆ ಎರಡೂ ಮರೆತುಹೋದವು. ಮೇನ್ ರೋಡಿನಲ್ಲಿ ಲಾರಿಗಳ ಭಯಕ್ಕೆ ಬೇಗ ಎಡಕ್ಕೆ ತಿರುಗಿ ಹಳ್ಳಿ ದಾರಿ ಸೇರಿದೆ. ಎರಡೂ ಕಡೆ ತೆನೆ ಬಗ್ಗಿದ ರಾಗಿ, ಅವರೆ ಹೂವಿನ ವಾಸನೆ, ದೂರದಲ್ಲಿ ಬೋಳು ಬಂಡೆಯ ಗುಡ್ಡ. ಹುಣಸೆ ಮರಗಳ ನೆರಳು ಬಂದಾಗ ಮೈ ತಣ್ಣಗಾಗುತ್ತಿತ್ತು, ಹೋದಾಗ ಬೆಚ್ಚಗಾಗುತ್ತಿತ್ತು. ಎದುರು ಬಂದವರಿಗೆಲ್ಲ ಹಾರ್ನ್ ಹೊಡೆದೆ. ಅಷ್ಟು ಖುಷಿ ನಾನು ಅದಕ್ಕೆ ಮುಂಚೆ ಪಟ್ಟಿರಲಿಲ್ಲ.

ಒಂದು ಕೆರೆ ಏರಿಯ ಮೇಲೆ ನೀರು ನೋಡೋಣ ಅಂತ ಗಾಡಿ ಆಫ್ ಮಾಡಿದೆ. ಮತ್ತೆ ಸ್ಟಾರ್ಟ್ ಆಗಲಿಲ್ಲ. ಕಿಕ್ಕರ್ ತುಳಿದು ತುಳಿದು ಇಸ್ತ್ರಿ ಶರ್ಟು ಬೆನ್ನಿಗೆ ಅಂಟಿಕೊಂಡಿತು. ಕೊನೆಗೆ ಎಮ್ಮೆ ಕಾಯುತ್ತಿದ್ದ ಮುದುಕರೊಬ್ಬರು ಹಿಂದಿನಿಂದ ನೂಕಿದ ಮೇಲೆ ಗುರ್ ಅಂದಿತು. ಇನ್ನು ಮನೆ ಸೇರುವ ತನಕ ಆಫ್ ಮಾಡಲೇಬಾರದು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಅತ್ತೆ ಮನೆ ಇದ್ದದ್ದು ಏರು ಓಣಿಯ ತುದಿಯಲ್ಲಿ. ಅವರು ಜಗಲಿ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದರು. ನನ್ನ ಗುರುತು ಸಿಕ್ಕಿದ್ದೇ ಮೊರ ಕೆಳಗಿಟ್ಟು ಎದ್ದರು. ಮುಖ ಅರಳಿತ್ತು. ಒಳಗೆ ಬಾ ಮಗಾ ಅಂದರು. ನಾನು ಇಳಿಯಲಿಲ್ಲ. ಸ್ಟ್ಯಾಂಡ್ ಹಾಕಿದರೆ ಗಾಡಿ ಇಳಿಜಾರಿಗೆ ಜಾರುತ್ತಿತ್ತು, ಆಫ್ ಮಾಡಿದರೆ ಊರಿನವರ ಎದುರು ಮತ್ತೆ ಕಿಕ್ಕರ್ ತುಳಿಯಬೇಕಿತ್ತು. ಗೇರಿಗೆ ಹಾಕಿ ಆಫ್ ಮಾಡಿದರೆ ಗಾಡಿ ತಾನೇ ನಿಲ್ಲುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ. ಎರಡೂ ಕಾಲು ನೆಲಕ್ಕೆ ಊರಿ, ಬಲಗೈಯಲ್ಲಿ ಬ್ರೇಕ್ ಹಿಡಿದು, ಎಡಗೈಯಲ್ಲಿ ಪತ್ರಿಕೆ ಚಾಚಿದೆ. ಹೌದು, ಎಡಗೈಯಲ್ಲಿ. ಇಂಜಿನ್ ಸದ್ದಿನ ಮೇಲೆ, ಅಕ್ಕನ ಮದುವೆ ಅತ್ತೆ, ಬರಬೇಕು ಅಂತ ಕೂಗಿದೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಪತ್ರಿಕೆ ತೆಗೆದುಕೊಂಡರು. ಅದನ್ನು ನೋಡಲಿಲ್ಲ, ನನ್ನ ಕಾಲುಗಳನ್ನೇ ನೋಡುತ್ತಿದ್ದರು. ಆಮೇಲೆ, ಒಂದು ಗಳಿಗೆ ಇರು ಅಂತ ಒಳಗೆ ಹೋದರು. ಅಷ್ಟರಲ್ಲಿ ಬ್ರೇಕ್ ಹಿಡಿದ ಬೆರಳು ಸೋತು, ಗಾಡಿ ಹಿಂದಕ್ಕೆ ಜಾರತೊಡಗಿತು. ಹೇಗೋ ಅಡ್ಡ ತಿರುಗಿಸಿದೆ. ತಿರುಗಿದ್ದೇ ಓಣಿಯ ಕೆಳಕ್ಕೆ ಹೊರಟೇ ಬಿಟ್ಟಿತು. ಕನ್ನಡಿಯಲ್ಲಿ ಅತ್ತೆ ಕಂಡರು. ಬಾಗಿಲಲ್ಲಿ, ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಕೆಳಗೆ ನಿಲ್ಲಿಸಿ ನಡೆದು ಹೋಗಬಹುದಿತ್ತು. ಮತ್ತೆ ಸ್ಟಾರ್ಟ್ ಆಗದಿದ್ದರೆ ಅನ್ನುವ ಭಯಕ್ಕೆ ಹಾಗೇ ಬಂದುಬಿಟ್ಟೆ. ವಾಪಸ್ ಬರುವಾಗ ಅದೇ ಹುಣಸೆ ಮರ, ಅದೇ ಕೆರೆ ಇದ್ದಿರಬೇಕು. ನನಗೆ ಕನ್ನಡಿ ಬಿಟ್ಟು ಬೇರೇನೂ ಕಾಣಲಿಲ್ಲ.

ಮನೆಯಲ್ಲಿ ಅಕ್ಕ ಗೇಟಿನ ಹತ್ತಿರವೇ ಕಾಯುತ್ತಿದ್ದಳು. ಕೊಟ್ಟು ಬಂದೆ ಅಂದೆ. ಅಮ್ಮ ಹ್ಯಾಂಡಲಿನಿಂದ ವೈರ್ ಬ್ಯಾಗ್ ಬಿಚ್ಚಿದಳು. ತೆಂಗಿನಕಾಯಿ ಹಾಗೇ ಇತ್ತು. ಬಾಳೆಹಣ್ಣು ಜಜ್ಜಿಹೋಗಿ, ಎಲೆಗಳ ಮೇಲೆಲ್ಲ ಕುಂಕುಮ ಚೆಲ್ಲಿತ್ತು.

"ತಾಂಬೂಲ ಯಾಕೋ ವಾಪಸ್ ಬಂತು?" ಅಂತ ಅಮ್ಮ ಮೆಲ್ಲಗೆ ಕೇಳಿದಳು.

ಒಂದೊಂದಾಗಿ ಎಲ್ಲ ಹೇಳಬೇಕಾಯಿತು. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅಪ್ಪ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಬೆಳಿಗ್ಗೆ ರೆಡಿಯಾಗು, ಬಸ್ಸಲ್ಲಿ ಹೋಗೋಣ ಅಂದರು.

ಮಾರನೇ ದಿನ ಅಪ್ಪ, ಅಮ್ಮ, ನಾನು ಬನಶಂಕರಿಯಲ್ಲಿ ಬಸ್ ಹತ್ತಿದೆವು. ಹೊಸ ಕಾಯಿ, ಹೊಸ ಎಲೆ ಅಮ್ಮನ ಮಡಿಲಲ್ಲಿದ್ದವು. ಆ ಓಣಿ ಹತ್ತುವಾಗ ಅಪ್ಪನಿಗೆ ಏದುಸಿರು ಬರುತ್ತಿತ್ತು. ಅತ್ತೆ ಜಗಲಿಯಲ್ಲೇ ಇದ್ದರು, ಈ ಸಲ ಏಳಲಿಲ್ಲ. ಅಮ್ಮ ನನ್ನನ್ನು ಮುಂದಕ್ಕೆ ನೂಕಿದಳು. ನಾನು ಬಗ್ಗುವ ಮೊದಲೇ ಅಪ್ಪ ನನ್ನನ್ನು ದಾಟಿ ಹೋಗಿ ತಮ್ಮ ಅಕ್ಕನ ಕಾಲು ಹಿಡಿದುಕೊಂಡರು. ಪಾಳ್ಯದಲ್ಲಿ ಯಾರಿಗೂ ತಲೆ ಬಗ್ಗಿಸದ ಮನುಷ್ಯ. ಅವರ ನೆತ್ತಿ ಅಷ್ಟು ಬೋಳಾಗಿದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

"ಹುಡುಗ ತಪ್ಪು ಮಾಡ್ದ ಅಕ್ಕ" ಅಂದರು ಅಪ್ಪ.

ಅತ್ತೆ ತಮ್ಮನ ತಲೆಯನ್ನೇ ನೋಡುತ್ತಿದ್ದರು. "ಅವ್ನಿಗೆ ಗಾಡಿ ಇಳಿಯಕ್ಕೆ ಬರ್ತಿರ್ಲಿಲ್ಲ, ಬಿಡು" ಅಂದರು. "ಇಷ್ಟು ವರ್ಷ ನಿಂಗೇನಾಗಿತ್ತು?"

ಬಗ್ಗಿದ ಅಪ್ಪ ಏಳಲಿಲ್ಲ. ಅತ್ತೆಯೇ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದರು. ನಡುಮನೆಯ ಗೂಡಿನಲ್ಲಿ ನಿನ್ನೆಯ ತಟ್ಟೆ ಹಾಗೇ ಇತ್ತು. ನನ್ನ ಅಕ್ಕನಿಗೆ ಅಂತ ರವಿಕೆ ಕಣ, ಹೂವು, ಒಂದು ಅಚ್ಚು ಬೆಲ್ಲ. ಹೂವು ಬಾಡಿತ್ತು. ಅತ್ತೆ ಬೆಲ್ಲ ಮುರಿದು ಮೊದಲು ನನ್ನ ಕೈಗೆ ಕೊಟ್ಟರು.

ಮದುವೆಗೆ ಅತ್ತೆ ಮುಂಚೆಯೇ ಬಂದು ಮನೆಯಲ್ಲಿದ್ದರು. ಅಕ್ಕನನ್ನು ಕೈ ಹಿಡಿದು ಹಸೆಗೆ ಕರೆತಂದವರೂ ಅವರೇ. ಊಟದ ಪಂಕ್ತಿಯಲ್ಲಿ ನೆಂಟರಿಗೆಲ್ಲ ನನ್ನನ್ನು ತೋರಿಸಿ, ನೋಡಿ, ಗಾಡಿ ಮೇಲಿಂದ ಮದುವೆಗೆ ಕರೆದವನು ಇವನೇ ಅಂತ ಹೇಳಿದರು. ಇಡೀ ಪಂಕ್ತಿ ನಕ್ಕಿತು. ಎದುರು ಸಾಲಿನಲ್ಲಿ ಬಡಿಸುತ್ತಿದ್ದ ಅಪ್ಪ ನಗಲಿಲ್ಲ. ಸಾರಿನ ಬಕೆಟ್ ಹಿಡಿದು, ತಲೆ ಬಗ್ಗಿಸಿಕೊಂಡು, ಮುಂದಿನ ಎಲೆಗೆ ಹೋದರು.